ಬಿ.ಎ. ಸೈಕಾಲಜಿಗೆ ಸೇರಿದವರಿಗೆ ಸೀನಿಯರ್ ಮಾತು

ಸೈಕಾಲಜಿ ಅಂದ ಕೂಡಲೇ ನೆಂಟರೆಲ್ಲ ‘ನನ್ನ ಮನಸ್ಸಲ್ಲಿ ಏನಿದೆ ಹೇಳು ನೋಡೋಣ’ ಅಂತಾರೆ. ನಕ್ಕು ಸುಮ್ಮನಾಗಿ. ಮೊದಲು ಸ್ಟ್ಯಾಟಿಸ್ಟಿಕ್ಸ್ ಹಿಡಿಯಿರಿ. ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋದು), ಕೋರಿಲೇಷನ್ (ಎರಡು ಸಂಗತಿಗಳ ಏರಿಳಿತಕ್ಕೆ ಎಷ್ಟು ನಂಟಿದೆ ಅನ್ನೋದು) ಎಲ್ಲ ಕೈಯಲ್ಲೇ ಲೆಕ್ಕ ಹಾಕಿ ರೂಢಿಯಾಗಬೇಕು.

ಪ್ರಾಕ್ಟಿಕಲ್ ತಪ್ಪಿಸಲೇಬೇಡಿ, ನನಗಂತೂ ಕೋರ್ಸಿನ ಜೀವವೇ ಅದು. ಮಿರರ್ ಡ್ರಾಯಿಂಗ್‌ನಲ್ಲಿ ಕನ್ನಡಿಯೊಳಗೆ ಮಾತ್ರ ನೋಡುತ್ತ ನಕ್ಷತ್ರದ ಜೋಡಿಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಮೂಲೆಗೆ ಬಂದರೆ ಕೈ ಹಟ ಹಿಡಿಯುತ್ತೆ, ಆಚೆ ಹೋಗು ಅಂದರೆ ಈಚೆ ಬರುತ್ತೆ. ಎಷ್ಟು ಸೆಕೆಂಡ್, ಎಷ್ಟು ಸಲ ಗೆರೆ ದಾಟಿತು ಅಂತ ಆಗಿಂದಾಗಲೇ ಬರೆದಿಡಿ. ಪ್ರಯೋಗಕ್ಕೆ ಕೂತವರು ಹೇಳಿದ್ದನ್ನು ಅವರ ಮಾತಲ್ಲೇ ಬರೆಯಿರಿ. ರೆಕಾರ್ಡ್‌ನಲ್ಲಿ ಕಾಪಿ ಹೊಡೆಯೋದು ಹೆಚ್ಚಾಗಿ ಅಲ್ಲೇ!

ಥಿಯರಿಗೆ ಸ್ವಂತ ಉದಾಹರಣೆ ಹುಡುಕಿ. ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್ ಅಂದರೆ ಶಿಕ್ಷೆಯಲ್ಲ, ಒಂದು ಕೆಲಸ ಮಾಡಿದಾಗ ಕಿರಿಕಿರಿ ತಪ್ಪಿ, ಅದನ್ನೇ ಮತ್ತೆ ಮತ್ತೆ ಮಾಡೋ ರೂಢಿ ಬಲವಾಗೋದು. ಸೀಟ್ ಬೆಲ್ಟ್ ಹಾಕಿದ ತಕ್ಷಣ ಕಾರಿನ ಕೀಂ ಕೀಂ ನಿಲ್ಲುತ್ತಲ್ಲ, ಅದು. (ಅಂದಹಾಗೆ, 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿ ನಮ್ಮ ಸಬ್ಜೆಕ್ಟಿನ ಮೇಷ್ಟ್ರೇ.)

ಇನ್ನೊಂದು ವಿಷಯ ಅಪ್ಪ ಅಮ್ಮನಿಗೆ ಈಗಲೇ ಹೇಳಿಬಿಡಿ: ಮಾಮೂಲಿ ಬಿ.ಎ. ಮುಗಿದ ಕೂಡಲೇ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕೋಕಾಗಲ್ಲ. ಮುಂದಿನ ಓದೂ ಆರ್‌ಸಿಐ (ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿಯೂ ಬೇಕು.