ಸೊಪ್ಪಿನ ಸ್ಮೂಥಿ: ಎಲೆ ಮೊದಲು, ಹಣ್ಣು ಆಮೇಲೆ

ಹಸಿರು ಸ್ಮೂಥಿಯನ್ನು ಒಂದೇ ಸಲ ಮಾಡಿ ಕೈಬಿಟ್ಟವರು ಬೇಕಾದಷ್ಟಿದ್ದಾರೆ. ರುಚಿ ಕೆಟ್ಟದ್ದು ಅಂತಲ್ಲ. ಕುಡಿಯುವಾಗ ಹಲ್ಲಿಗೆ ಸಿಗುವ ಎಲೆಯ ಚೂರು, ಗಂಟಲಿಗೆ ಅಂಟುವ ನಾರು, ಇವೇ ಸಾಕು ಬೇಜಾರಾಗಲು. ಸೊಪ್ಪು, ಹಣ್ಣು, ಐಸ್ ಎಲ್ಲವನ್ನೂ ಒಟ್ಟಿಗೆ ಸುರಿದರೆ ಹೀಗೇ ಆಗುವುದು. ಭಾರದ ಹಣ್ಣು ತಳಕ್ಕಿಳಿಯುತ್ತದೆ, ಹಗುರದ ಎಲೆ ಮೇಲೆ ತೇಲುತ್ತಾ ಜಾರಿನ ಗೋಡೆಗೆ ಅಂಟಿಕೊಳ್ಳುತ್ತದೆ.

ಹೊಸಬರು ಪಾಲಕ್‌ನಿಂದ ಶುರುಮಾಡುವುದು ಒಳ್ಳೆಯದು. ಎಲೆ ಮೆತ್ತಗೆ, ರುಚಿಯೂ ಸೌಮ್ಯ. ಕೋಸಿನ ಜಾತಿಯ ಸೊಪ್ಪಾದ ಕೇಲ್ ಸ್ವಲ್ಪ ಒರಟು, ಅದರ ನಡುವಿನ ದಪ್ಪ ದಂಟನ್ನು ಕಿತ್ತು ಹಾಕಲೇಬೇಕು. ಮೆಂತ್ಯ ಕಹಿ, ಸಾಸಿವೆ ಸೊಪ್ಪು ಖಾರ. ಇವೆರಡನ್ನು ಸ್ಮೂಥಿಗೆ ಹಾಕದಿದ್ದರೇ ವಾಸಿ.

ಒಂದು ದೊಡ್ಡ ಲೋಟಕ್ಕೆ ಒಂದು ತುಂಬು ಹಿಡಿ ಪಾಲಕ್ ಸಾಕು, ಅಂದರೆ ಸುಮಾರು 30 ಗ್ರಾಂ. ಅಗಲವಾದ ಪಾತ್ರೆಯ ನೀರಿನಲ್ಲಿ ಎಲೆ ಮುಳುಗಿಸಿ ಅಲ್ಲಾಡಿಸಿ. ಮಣ್ಣು ತಳದಲ್ಲಿ ಕೂರಲಿ. ಆಮೇಲೆ ನೀರನ್ನು ಬಗ್ಗಿಸಬೇಡಿ, ಸೊಪ್ಪನ್ನೇ ಮೇಲೆತ್ತಿ. ಬಗ್ಗಿಸಿದರೆ ತಳದ ಮಣ್ಣು ಮತ್ತೆ ಎಲೆಯ ಮೇಲೇ ಬೀಳುತ್ತದೆ, ಅಲ್ವಾ? ನೀರು ತಿಳಿಯಾಗುವವರೆಗೆ ಎರಡು ಮೂರು ಸಲ ಹೀಗೆ ಮಾಡಿ.

ಈಗ ಜಾರಿಗೆ 200 ಮಿಲಿಲೀಟರ್ ನೀರು ಅಥವಾ ಹಾಲು ಹಾಕಿ. ಅದರ ಮೇಲೆ ಸೊಪ್ಪು ಮಾತ್ರ. ಮಿಕ್ಸಿಯನ್ನು ಒಂದು ನಿಮಿಷ ತಿರುಗಿಸಿ, ನಡುವೆ ನಿಲ್ಲಿಸಿ ಗೋಡೆಗೆ ಅಂಟಿದ್ದನ್ನು ಕೆಳಗೆ ತಳ್ಳಿ. ಒಂದು ಚೂರೂ ಕಾಣದ ಹಸಿರು ನೀರಾಗಬೇಕು. ಅಲ್ಲಿಯವರೆಗೆ ಹಣ್ಣು ಮುಟ್ಟಬೇಡಿ.

ಆಮೇಲೆ ಒಂದು ಬಾಳೆಹಣ್ಣು, ಅರ್ಧ ಕಪ್ ಅನಾನಸ್ ಅಥವಾ ಮಾವು. ಬಾಳೆಹಣ್ಣಿನ ಸಿಪ್ಪೆ ಸುಲಿದು, ತುಂಡು ಮಾಡಿ, ಫ್ರೀಜರ್‌ನಲ್ಲಿಟ್ಟು ಬಳಸಿದರೆ ಸ್ಮೂಥಿ ಐಸ್‌ಕ್ರೀಮಿನಂತೆ ಮಂದವಾಗುತ್ತದೆ. ಐಸ್ ಹಾಕುವುದಾದರೆ ಕೊನೆಗೆ. ಸ್ಟ್ರಾಬೆರಿಯಂಥ ಕೆಂಪು ಹಣ್ಣು ಹಾಕಿದರೆ ಬಣ್ಣ ಕೆಸರಿನಂತಾಗುತ್ತದೆ. ರುಚಿಗೆ ಏನೂ ಆಗಿರುವುದಿಲ್ಲ, ಆದರೆ ಕಣ್ಣೂ ಒಪ್ಪಬೇಕಲ್ಲ! ಹಣ್ಣಿನ ಸಿಹಿಯೇ ಸಾಕು, ಸಕ್ಕರೆ ಬೇಡ. ಸೋಸಲೂ ಬೇಡ, ನಾರೆಲ್ಲ ಜರಡಿಯಲ್ಲೇ ಉಳಿದರೆ ಅದು ಬರೀ ಜ್ಯೂಸ್.

ಪಾಲಕ್‌ನ ಕಬ್ಬಿಣದ ಬಗ್ಗೆ ಜನ ಜಾಸ್ತಿಯೇ ಹೇಳುತ್ತಾರೆ. 100 ಗ್ರಾಂ ಹಸಿ ಎಲೆಯಲ್ಲಿ ಇರುವುದು ಸುಮಾರು 2.7 ಮಿಲಿಗ್ರಾಂ. ಅದೂ ಮೈಗೆ ಸುಲಭವಾಗಿ ಹತ್ತುವ ಬಗೆಯದ್ದಲ್ಲ. ವಿಟಮಿನ್ ಸಿ ಜೊತೆಗಿದ್ದರೆ ಹೆಚ್ಚು ಹೀರಿಕೆಯಾಗುತ್ತದೆ. ಅನಾನಸ್ ಹಾಕಿ, ಅರ್ಧ ನಿಂಬೆ ಹಿಂಡಿ ಎನ್ನುವುದು ಇದಕ್ಕೇ. ಎಲೆಯಲ್ಲಿರುವ ವಿಟಮಿನ್ ಕೆ ಮತ್ತು ಬೀಟಾ ಕ್ಯಾರೋಟಿನ್ (ಮೈಯಲ್ಲಿ ವಿಟಮಿನ್ ಎ ಆಗುವ ಅಂಶ) ಚೆನ್ನಾಗಿ ಹೀರಿಕೆಯಾಗಲು ಸ್ವಲ್ಪ ಜಿಡ್ಡು ಬೇಕು. ನಾಲ್ಕು ಬಾದಾಮಿ ಸಾಕು.

ಇನ್ನೊಂದು ಮುಖವೂ ಇದೆ. ಪಾಲಕ್‌ನಲ್ಲಿ ಆಕ್ಸಲೇಟ್ ಬಹಳ, ಕ್ಯಾಲ್ಸಿಯಂ ಜೊತೆ ಸೇರಿ ಕಿಡ್ನಿಯಲ್ಲಿ ಕಲ್ಲಾಗಬಲ್ಲ ಅಂಶವಿದು. ಕಿಡ್ನಿಯಲ್ಲಿ ಕಲ್ಲಾಗಿದ್ದವರು ದಿನಾ ಲೋಟಗಟ್ಟಲೆ ಕುಡಿಯುವ ಮುಂಚೆ ವೈದ್ಯರನ್ನು ಕೇಳಬೇಕು. ಹಾಲು, ಮೊಸರಿನ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಒಂದಷ್ಟು ಆಕ್ಸಲೇಟನ್ನು ಹಿಡಿದಿಡುತ್ತದೆ. ಕೇಲ್‌ನಲ್ಲಿ ಆಕ್ಸಲೇಟ್ ತೀರಾ ಕಡಿಮೆ, ಹಾಗಾಗಿ ಎಲೆ ಬದಲಾಯಿಸುತ್ತಿರಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ವಿಟಮಿನ್ ಕೆ ಒಮ್ಮೆಲೇ ಏರಿದರೂ ಇಳಿದರೂ ಔಷಧಿಯ ಲೆಕ್ಕ ತಪ್ಪುತ್ತದೆ.

ಸೊಪ್ಪು ಬಾಡುವ ಹಾಗಿದ್ದರೆ ಎಸೆಯಬೇಡಿ. ಸ್ವಲ್ಪ ನೀರಿನ ಜೊತೆ ರುಬ್ಬಿ ಐಸ್ ಟ್ರೇಗೆ ಹಾಕಿ. ಗಟ್ಟಿಯಾದ ಮೇಲೆ ತುಂಡುಗಳನ್ನು ಡಬ್ಬಿಗೆ ತುಂಬಿ ಫ್ರೀಜರ್‌ನಲ್ಲೇ ಇಡಿ. ಬೆಳಿಗ್ಗೆ ಹಣ್ಣಿನ ಜೊತೆ ಮೂರು ತುಂಡು ಹಾಕಿದರೆ ಐಸ್ ಬೇರೆ ಬೇಕಾಗುವುದಿಲ್ಲ.