ಮಲೆನಾಡಿನ ಮಳೆಗೂ ತಡೆಯುವಂತೆ ಬೈಕ್ ಸೀಟಿಗೆ ಜೆಲ್ ಕೂರಿಸುವುದು

ಜೆಲ್ ಹಾಕಿಸಿಯೂ ನೋವು ಹೋಗಲಿಲ್ಲ ಎನ್ನುವವರ ಸೀಟು ಬಿಚ್ಚಿ ನೋಡಿದರೆ ಸಾಮಾನ್ಯವಾಗಿ ಎರಡರಲ್ಲೊಂದು ಕಾಣುತ್ತದೆ. ಕುಸಿದುಹೋದ ಹಳೇ ಫೋಮಿನ ಮೇಲೆ ಜೆಲ್ ಇಟ್ಟಿರುತ್ತಾರೆ, ಇಲ್ಲವೇ ಹೊಲಿಗೆಯಿಂದ ಇಳಿದ ನೀರು ಕುಡಿದು ಫೋಮು ಒದ್ದೆ ಸ್ಪಂಜಾಗಿರುತ್ತದೆ. ಶಿವಮೊಗ್ಗ ಪೇಟೆಯಲ್ಲೇ ಓಡಾಡುವವರಿಗೆ ಮೊದಲನೆಯದು ಹೆಚ್ಚು. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆಯವರಿಗೆ ಎರಡನೆಯದೇ ದೊಡ್ಡ ತೊಂದರೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಂಥ ಮಳೆಗೆ ಸಿಗುವ ಸೀಟಿನಲ್ಲಿ ಜೆಲ್ ಕೂರಿಸುವುದು ಅರ್ಧ ಕೆಲಸ, ನೀರು ತಡೆಯುವುದು ಇನ್ನರ್ಧ.

ಜೆಲ್ ಮಾಡುವ ಕೆಲಸ ಏನೆಂದು ಮೊದಲು ತಿಳಿದಿರಲಿ. ಅದು ಮೆತ್ತೆಯಲ್ಲ. ಫೋಮು ಒತ್ತಿದರೆ ಕುಗ್ಗುತ್ತದೆ, ಜೆಲ್ ಕುಗ್ಗುವುದಿಲ್ಲ, ಪಕ್ಕಕ್ಕೆ ಸರಿಯುತ್ತದೆ. ಕೂತಾಗ ಮೈಭಾರವೆಲ್ಲ ಎರಡು ಕೂರುಮೂಳೆಗಳ ತುದಿಗೆ ಬೀಳುತ್ತದೆ. ಜೆಲ್ ಆ ಭಾರವನ್ನು ಸುತ್ತಲಿನ ಮಾಂಸಕ್ಕೆ ಹಂಚುತ್ತದೆ, ಎಂಜಿನ್ನಿನ ಸಣ್ಣ ನಡುಕವನ್ನೂ ತಕ್ಕಮಟ್ಟಿಗೆ ನುಂಗುತ್ತದೆ. ಗುಂಡಿಗೆ ಇಳಿದಾಗ ಬೆನ್ನಿಗೆ ಬೀಳುವ ಹೊಡೆತ ಮಾತ್ರ ಇದರಿಂದ ನಿಲ್ಲುವುದಿಲ್ಲ. ಅದಕ್ಕೆ ಹಿಂದಿನ ಶಾಕ್ ಅಬ್ಸಾರ್ಬರ್, ಟೈರಿನ ಗಾಳಿ ನೋಡಬೇಕು. ಸೀಟೇ ಮುಂದಕ್ಕೆ ಇಳಿಜಾರಾಗಿ ನಿಮ್ಮನ್ನು ಟ್ಯಾಂಕಿಗೆ ದೂಡುತ್ತಿದ್ದರೆ ಅದಕ್ಕೂ ಜೆಲ್ ಮದ್ದಲ್ಲ, ಫೋಮಿನ ಆಕಾರವನ್ನೇ ತಿದ್ದಬೇಕು.

ಯಾವಾಗ, ಎಲ್ಲಿ ಮಾಡಬೇಕು

ಡಿಸೆಂಬರಿನಿಂದ ಮೇ ಒಳ್ಳೆಯ ಕಾಲ. ಚಳಿಗಾಲದಲ್ಲೂ ಇಬ್ಬನಿ ಪೂರ್ತಿ ಆರಿದ ಮೇಲೆ, ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರೊಳಗೆ ಅಂಟಿನ ಕೆಲಸ ಮುಗಿಸಿ. ರಬ್ಬರ್ ಅಂಟಿನಲ್ಲಿರುವ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಅದರ ಮೇಲೆ ಕಾಣದಷ್ಟು ತೆಳುವಾಗಿ ನೀರು ಕೂರುತ್ತದೆ. ಆಗ ಅಂಟಿಸಿದ್ದು ಹಿಡಿದಂತೆ ಕಂಡರೂ ವಾರದೊಳಗೆ ಎದ್ದುಬರುತ್ತದೆ.

ಜಾಗದ ವಿಷಯದಲ್ಲಿ ಒಂದು ಎಚ್ಚರ. ಈ ಅಂಟಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿಯುತ್ತದೆ, ಬೆಂಕಿ ಸಿಕ್ಕರೆ ಭಗ್ಗೆನ್ನುತ್ತದೆ. ನಮ್ಮ ಕಡೆ ಬಚ್ಚಲುಮನೆಯ ಹಂಡೆ ಒಲೆಯಲ್ಲಿ ದಿನವಿಡೀ ಕೆಂಡ ಇರುತ್ತದೆ. ಹಿತ್ತಿಲ ಜಗಲಿಯಲ್ಲಿ ಕೂತು ಅಂಟು ಸವರುವುದು ಬೇಡ, ಅಂಗಳಕ್ಕೆ ಬನ್ನಿ.

ಬೇಕಾಗುವ ಸಾಮಾನು

ಜೆಲ್ ಹಾಳೆ 10ರಿಂದ 15 ಮಿ.ಮೀ. ದಪ್ಪದ್ದು ಸಾಕು. ಸವಾರನೊಬ್ಬನಿಗೆ ಸುಮಾರು 28 ಸೆಂ.ಮೀ. ಉದ್ದ, 24 ಸೆಂ.ಮೀ. ಅಗಲ. ಈ ಅಳತೆಯ 15 ಮಿ.ಮೀ. ಹಾಳೆ ಹತ್ತಿರಹತ್ತಿರ ಒಂದು ಕಿಲೋ ತೂಗುತ್ತದೆ. 20 ಮಿ.ಮೀ.ಗಿಂತ ದಪ್ಪದ್ದು ಘಾಟಿ ತಿರುವಿನಲ್ಲಿ ಕೆಳಗೆ ಅಲುಗಿದಂತಾಗಿ ಗಾಡಿಯ ಹಿಡಿತವೇ ತಪ್ಪಿದ ಹಾಗೆ ಅನಿಸುತ್ತದೆ. ಗಟ್ಟಿಯಾದ ಪಾಲಿಯುರೆಥೇನ್ ಜೆಲ್ ಆರಿಸಿ. ಚೀಲದೊಳಗೆ ದ್ರವ ತುಂಬಿದ ಬಗೆಯದನ್ನು ಕತ್ತರಿಸಲಾಗದು, ಒಡೆದರೆ ಸೀಟೇ ಹಾಳು. ಕುರ್ಚಿಗೆ ಹಾಕುವ ಜೇನುಗೂಡಿನಂಥ ಜೆಲ್ ದಿಂಬನ್ನು ಕತ್ತರಿಸಿ ಬಳಸುವವರಿದ್ದಾರೆ, ಆದರೆ ಅದರ ಕಣ್ಣುಗಳಲ್ಲಿ ನೀರು ನಿಲ್ಲುತ್ತದೆ. ಮಲೆನಾಡಿಗೆ ಅದು ಬೇಡವೇ ಬೇಡ.

ಇದರ ಜೊತೆಗೆ ಜೆಲ್ಲಿನ ಮೇಲೆ ಹಾಸುವ ಮೇಲುಹಾಳೆಗೆ 10 ಮಿ.ಮೀ. ದಪ್ಪದ ಮೃದು ಫೋಮ್, ಫೆವಿಕಾಲ್ ಎಸ್‌ಆರ್ 505 ಅಥವಾ ಎಸ್‌ಆರ್ 998 ಥರದ ರಬ್ಬರ್ ಅಂಟು ಕಾಲು ಲೀಟರ್, ಹೊಸ ಹ್ಯಾಕ್ಸಾ ಬ್ಲೇಡು, ಅಗಲ ಬ್ಲೇಡಿನ ಕಟರ್, 40 ನಂಬರಿನ ಮರಳು ಕಾಗದ, ತೆಳು ಸ್ಕ್ರೂಡ್ರೈವರ್, ನೋಸ್ ಪ್ಲೈಯರ್, ಮಾರ್ಕರ್ ಇರಲಿ. ಸ್ಟೇಪಲ್ ಗನ್ನಿಗೆ 6 ಮಿ.ಮೀ. ಕಾಲಿನ ಸ್ಟೇನ್‌ಲೆಸ್ ಸ್ಟೀಲ್ ಪಿನ್ನೇ ತನ್ನಿ. ಕಬ್ಬಿಣದ ಪಿನ್ನು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಮುರಿಯುತ್ತದೆ, ರೆಕ್ಸಿನ್ ಬಾಯಿ ಬಿಡುತ್ತದೆ. ನೀರು ತಡೆಯಲು ಹಳೇ ರೇನ್‌ಕೋಟಿನ ಬಟ್ಟೆಯೇ ಚೆನ್ನ. ತೆಳು ಪಾಲಿಥಿನ್ ಕೂತಾಗಲೆಲ್ಲ ಸರಸರ ಸದ್ದು ಮಾಡಿ ಮಡಿಕೆಯಲ್ಲೇ ಹರಿಯುತ್ತದೆ.

ಕೂರುಮೂಳೆ ಎಲ್ಲಿ?

ಸೀಟು ಬಿಚ್ಚುವ ಮುಂಚೆ ಮಾಡಬೇಕಾದದ್ದು ಇದು, ಹೆಚ್ಚಿನವರು ಬಿಡುವುದೂ ಇದನ್ನೇ. ದಪ್ಪ ರಟ್ಟಿನ ಪೆಟ್ಟಿಗೆಯ ಒಂದು ಹಾಳೆ ಹರಿದು ಜಗಲಿಯ ಕಲ್ಲಿನ ಮೇಲೆ ಹಾಸಿ. ಕಾಲಡಿಗೆ ಒಂದು ಮಣೆ ಇಟ್ಟು, ಮಂಡಿ ಮೇಲಕ್ಕೆ ಬರುವಂತೆ, ಬೈಕಿನ ಮೇಲೆ ಕೂತಂತೆಯೇ ತುಸು ಮುಂದಕ್ಕೆ ಬಾಗಿ ಎರಡು ನಿಮಿಷ ಕೂರಿ. ಎದ್ದು ರಟ್ಟನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಎರಡು ತಗ್ಗು ಕಾಣುತ್ತವೆ. ಅವುಗಳ ನಡುವಿನ ಅಂತರ ಸಾಮಾನ್ಯವಾಗಿ 10ರಿಂದ 14 ಸೆಂ.ಮೀ. ಇರುತ್ತದೆ. ಈಗ ಬೈಕ್ ಏರಿ ದಿನವೂ ಕೂರುವ ಜಾಗದಲ್ಲೇ ಕೂತು, ಹಿಂಭಾಗ ಎಲ್ಲಿಗೆ ಮುಗಿಯುತ್ತದೆಂದು ಇನ್ನೊಬ್ಬರಿಂದ ಸೀಮೆಸುಣ್ಣದ ಗೆರೆ ಹಾಕಿಸಿ. ರಟ್ಟಿನ ಮೇಲೂ ಹಿಂಭಾಗದ ಅಂಚು ಗುರುತಿಸಿಕೊಂಡಿದ್ದರೆ, ಆ ಎರಡು ತಗ್ಗುಗಳು ಸೀಟಿನ ಮೇಲೆ ಎಲ್ಲಿ ಬೀಳುತ್ತವೆಂದು ಅಳೆದು ಗುರುತು ಮಾಡಬಹುದು.

ಜೆಲ್ ಈ ಗುರುತುಗಳಿಂದ ಎರಡೂ ಪಕ್ಕಕ್ಕೆ 5 ಸೆಂ.ಮೀ. ಹೆಚ್ಚಿರಲಿ. ಮುಂದಕ್ಕೆ ಇನ್ನೂ ಸ್ವಲ್ಪ ಹೆಚ್ಚು ಬೇಕು, ಯಾಕೆಂದರೆ ಘಾಟಿ ಇಳಿಯುವಾಗ ಬ್ರೇಕಿಗೆ ಮೈ ಮುಂದೆ ಜಾರುತ್ತದೆ. ಆದರೆ ತೊಡೆಗಳ ನಡುವಿನ ಕಿರಿದಾದ ಮೂತಿಗೆ ಜೆಲ್ ಹಾಕಬೇಡಿ. ಅಲ್ಲಿ ತೊಡೆ ಒತ್ತಿದಾಗ ಅದು ಮೇಲಕ್ಕೆ ಉಬ್ಬಿ, ನೋವಾಗಬಾರದ ಜಾಗದಲ್ಲಿ ಒತ್ತುತ್ತದೆ.

ಬಿಚ್ಚುವುದು, ಅಳೆಯುವುದು

ಸೀಟು ತೆಗೆದು ತಳವನ್ನು ನಾಲ್ಕೂ ಕಡೆಯಿಂದ ಫೋಟೋ ತೆಗೆದುಕೊಳ್ಳಿ. ಮಡಿಕೆ ಎಲ್ಲಿತ್ತು, ಪಟ್ಟಿ ಎಲ್ಲಿಗೆ ಸಿಕ್ಕಿತ್ತು ಎಂಬುದು ಮರುದಿನ ನೆನಪಿರುವುದಿಲ್ಲ. ಸ್ಕ್ರೂಡ್ರೈವರಿನಿಂದ ಪಿನ್ನಿನ ಒಂದು ಕಾಲು ಎಬ್ಬಿಸಿ, ಪ್ಲೈಯರಿನಿಂದ ನೇರಕ್ಕೆ ಎಳೆಯಿರಿ. ಕೆಲವು ಸೀಟಿನಲ್ಲಿ ಪಿನ್ನು ನೂರರ ಹತ್ತಿರ ಇರುತ್ತವೆ, ಅವಸರ ಮಾಡಿದರೆ ರೆಕ್ಸಿನ್ ಅಂಚು ಹರಿದು ಮತ್ತೆ ಎಳೆಯಲು ಹಿಡಿತವೇ ಸಿಗುವುದಿಲ್ಲ. ತಗಡಿನ ತಳದ ಹಳೇ ಗಾಡಿಗಳಲ್ಲಿ ಪಿನ್ನಿನ ಬದಲು ತಗಡಿನದೇ ಹಲ್ಲುಗಳಿರುತ್ತವೆ. ಅವನ್ನು ರೆಕ್ಸಿನ್ ಬಿಡುವಷ್ಟೇ ಎತ್ತಬೇಕು, ನಾಲ್ಕಾರು ಸಲ ಬಗ್ಗಿಸಿದರೆ ಮುರಿಯುತ್ತವೆ.

ಕವರ್ ಬಿಚ್ಚಿದ ಕೂಡಲೇ ಫೋಮನ್ನು ಮೂಸಿ ನೋಡಿ. ಬೂಷ್ಟು ವಾಸನೆ ಬಂದರೆ ಸೋಪುನೀರಲ್ಲಿ ಹಿಂಡಿ ತೊಳೆದು, ಗಾಳಿಯಾಡುವ ಕಡೆ ಮೂರ್ನಾಲ್ಕು ದಿನ ಒಣಗಿಸಿ. ನೇರ ಬಿಸಿಲು ಫೋಮನ್ನು ಹಳದಿ ಮಾಡಿ ಪುಡಿಪುಡಿಯಾಗಿಸುತ್ತದೆ, ಅಡಿಕೆ ಚಪ್ಪರದ ನೆರಳು ಒಳ್ಳೆಯದು. ಬೆರಳಲ್ಲಿ ಒತ್ತಿದ ಗುಂಡಿ ಕೂಡಲೇ ಮೇಲೇಳದಿದ್ದರೆ ಆ ಫೋಮಿನ ಆಯಸ್ಸು ಮುಗಿದಿದೆ. ಅದರ ಮೇಲೆ ಜೆಲ್ ಇಡುವುದು ದಂಡ, ಹೊಸ ಫೋಮ್ ಹಾಕಿಸಿಯೇ ಮುಂದುವರಿಯಿರಿ.

ಫೋಮಿನ ದಪ್ಪ ಹೊರಗಿನಿಂದ ತಿಳಿಯುವುದಿಲ್ಲ. ಸೈಕಲ್ಲಿನ ಸ್ಪೋಕಿನ ತುದಿ ಚೂಪು ಮಾಡಿ, ಗುರುತು ಹಾಕಿದ ಜಾಗದಲ್ಲಿ ತಳ ಮುಟ್ಟುವವರೆಗೆ ಚುಚ್ಚಿ, ಉಗುರಲ್ಲಿ ಹಿಡಿದು ಹೊರತೆಗೆದು ಅಳೆಯಿರಿ. ಐದಾರು ಕಡೆ ಹೀಗೆ ನೋಡಿ. ಜೆಲ್ಲಿನ ಕೆಳಗೆ ಕನಿಷ್ಠ 30 ಮಿ.ಮೀ. ಫೋಮ್ ಉಳಿಯಲೇಬೇಕು. ಫೋಮ್ 60 ಮಿ.ಮೀ. ಇದ್ದರೆ 15 ಜೆಲ್ಲಿಗೆ, 10 ಮೇಲುಹಾಳೆಗೆ ಹೋಗಿ 35 ಉಳಿಯುತ್ತದೆ, ಚಿಂತೆಯಿಲ್ಲ. 50 ಮಿ.ಮೀ. ಮಾತ್ರ ಇದ್ದರೆ 10 ಮಿ.ಮೀ. ಜೆಲ್ಲಿಗೇ ತೃಪ್ತಿಪಡಿ.

ಗುಳಿ ತೋಡುವುದು

ಗುಳಿ ಎರಡು ಮೆಟ್ಟಿಲಿನದು. ಮೊದಲು ಸವಾರ ಕೂರುವ ಜಾಗವನ್ನೆಲ್ಲ 10 ಮಿ.ಮೀ. ಕೆರೆದು ತಗ್ಗಿಸಬೇಕು, ಇದು ಮೇಲುಹಾಳೆಗೆ. ಅದರೊಳಗೆ ಜೆಲ್ಲಿನ ಆಕಾರಕ್ಕೆ ಸರಿಯಾಗಿ, ಜೆಲ್ಲಿನಷ್ಟೇ ಆಳದ ಇನ್ನೊಂದು ಗುಳಿ. ಹೀಗೆ ಮಾಡಿದರೆ ಸೀಟಿನ ಎತ್ತರ ಹೆಚ್ಚುವುದಿಲ್ಲ, ಹಳೇ ಕವರೇ ಹಿಡಿಸುತ್ತದೆ, ಕೆಸರಿನ ರಸ್ತೆಯಲ್ಲಿ ಕಾಲು ಊರುವಾಗ ನೆಲ ಸಿಗದ ಭಯವಿಲ್ಲ.

ಕಟರಿನ ಬ್ಲೇಡನ್ನು ಬೇಕಾದಷ್ಟೇ ಆಳಕ್ಕೆ ಹೊರತೆಗೆದು ಟೇಪು ಸುತ್ತಿ. ಗುಳಿಯ ಜಾಗವನ್ನೆಲ್ಲ ಎರಡೆರಡು ಸೆಂ.ಮೀ. ಚೌಕಗಳಾಗಿ ಸೀಳಿ. ಆಮೇಲೆ ಹ್ಯಾಕ್ಸಾ ಬ್ಲೇಡನ್ನು ಅಡ್ಡಡ್ಡ ಮಲಗಿಸಿ, ಒಂದೊಂದೇ ಚೌಕವನ್ನು ಬರ್ಫಿ ತೆಗೆದಂತೆ ಎಬ್ಬಿಸಿ. ಟೇಪಿನ ಗುರುತು ಆಳವನ್ನು ಕಾಯುತ್ತದೆ, ತಳ ಏರುತಗ್ಗಾಗುವುದಿಲ್ಲ. ಮರಳು ಕಾಗದವನ್ನು ಮರದ ತುಂಡಿಗೆ ಸುತ್ತಿ ತಳ ನುಣ್ಣಗೆ ಮಾಡಿ, ಅಂಚನ್ನು 45 ಡಿಗ್ರಿಗೆ ಇಳಿಸಿ. ಅಂಚು ನೇರ ನಿಂತಿದ್ದರೆ ತೊಡೆಗೆ ಗೆರೆ ಎಳೆದಂತೆ ತಿಳಿಯುತ್ತದೆ. ಗುಳಿಯ ಸುತ್ತ 3 ಸೆಂ.ಮೀ. ಫೋಮಿನ ಗೋಡೆ ಬಿಡಿ, ಪಕ್ಕಕ್ಕೆ ಸರಿಯುವ ಜೆಲ್ಲಿಗೆ ಅದೇ ಕಟ್ಟೆ.

ಇಲ್ಲಿಯೇ ನೀರಿನ ವಿಚಾರ ಬರುತ್ತದೆ. ಅಚ್ಚಿನಲ್ಲಿ ಎರೆದ ಫೋಮಿಗೆ ಮೇಲೊಂದು ಗಟ್ಟಿ ಸಿಪ್ಪೆ ಇರುತ್ತದೆ. ನೀವು ಕೆರೆದದ್ದು ಆ ಸಿಪ್ಪೆಯನ್ನೇ. ಒಳಗಿನ ಫೋಮು ಈಗ ಮೊದಲಿಗಿಂತ ಬೇಗ ನೀರು ಕುಡಿಯುತ್ತದೆ.

ಕೂರಿಸುವುದು, ಅಂಟಿಸುವುದು

ಜೆಲ್ಲನ್ನು ಗುಳಿಯಲ್ಲಿ ಸುಮ್ಮನೆ ಕೂರಿಸಿ, ಪೂರ್ತಿ ಅಂಟಿಸಬೇಡಿ. ಅಂಟಿನ ದ್ರಾವಕ ಕೆಲವು ಜೆಲ್ಲಿನ ಮೇಲಿನ ಪೊರೆಯನ್ನು ಕರಗಿಸಿ ಜಿಗುಟು ಮಾಡುತ್ತದೆ. ಒಂದು ಮೂಲೆಯಲ್ಲಿ ಪರೀಕ್ಷಿಸಿ ನೋಡದೆ ಸವರಲೇಬಾರದು. ಗುಳಿ ಬಿಗಿಯಾಗಿದ್ದರೆ ಅದು ಎಲ್ಲಿಗೂ ಹೋಗುವುದಿಲ್ಲ. ಮೇಲುಹಾಳೆಗೆ ಮಾತ್ರ ಸುತ್ತಲಿನ ಅಂಚಿನಲ್ಲಿ ಅಂಟು ಬೇಕು. ಎರಡೂ ಕಡೆ ತೆಳುವಾಗಿ ಸವರಿ, ಹತ್ತು ಹದಿನೈದು ನಿಮಿಷ ಬಿಟ್ಟು, ಬೆರಳಿಗೆ ಅಂಟದಂತಾದ ಮೇಲೆ ಒತ್ತಿ. ಹಸಿಯಿರುವಾಗಲೇ ಒತ್ತಿದರೆ ದ್ರಾವಕ ಒಳಗೇ ಸಿಕ್ಕಿ ಆ ಜಾಗ ಗಂಟುಗಟ್ಟುತ್ತದೆ. ಎರಡು ಮೈ ತಾಗಿದ ಮೇಲೆ ಸರಿಸಲು ಆಗದು, ಅದಕ್ಕೆ ನಡುವಿನಿಂದ ಶುರುಮಾಡಿ ಅಂಚಿಗೆ ಬನ್ನಿ.

ಮೇಲುಹಾಳೆ ಹಾಕದೆ ಜೆಲ್ಲನ್ನು ನೇರ ರೆಕ್ಸಿನ್ ಕೆಳಗೆ ಇಡುವವರಿದ್ದಾರೆ. ಜೆಲ್ ಕಾದರೆ ಬೇಗ ಆರುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ಶಿವಮೊಗ್ಗ ಬಸ್ ಸ್ಟ್ಯಾಂಡಿನ ಹೊರಗೆ ಒಂದು ತಾಸು ನಿಲ್ಲಿಸಿ ಬಂದು ಕೂತರೆ ಕಾದ ಕಾವಲಿಯ ಮೇಲೆ ಕೂತಂತಾಗುತ್ತದೆ. ಆ 10 ಮಿ.ಮೀ. ಫೋಮು ಇರುವುದೇ ಈ ಬಿಸಿ ತಡೆಯಲು.

ಈಗಲೇ ಸೀಟನ್ನು ಗಾಡಿಗೆ ಹಾಕಿ, ಕವರ್ ಹೊದಿಸಿ ಟೇಪು ಹಚ್ಚಿ ಇಪ್ಪತ್ತು ನಿಮಿಷ ಕೂತು ನೋಡಿ. ಪಿನ್ನು ಹೊಡೆದ ಮೇಲೆ ತಪ್ಪು ತಿಳಿದರೆ ಮತ್ತೆ ಅರ್ಧ ದಿನ ಹೋಗುತ್ತದೆ.

ನೀರು ತಡೆ, ಕವರ್

ರೇನ್‌ಕೋಟಿನ ಬಟ್ಟೆಯನ್ನು ಫೋಮಿನ ಮೇಲೂ ಪಕ್ಕಗಳಿಗೂ ಹೊದಿಸಿ, ತಳದ ಅಂಚಿನ ಒಳಗೆ ಮಡಿಚಿ. ಅಡಿಕೆ ಗೊನೆಗೆ ಮಳೆ ತಡೆಯುವ ಕೊಟ್ಟೆ ಕಟ್ಟಿದ ಹಾಗೆ: ಮೇಲಿಂದ ಮುಚ್ಚಿರಬೇಕು, ಕೆಳಗೆ ತೆರೆದಿರಬೇಕು. ಪೂರ್ತಿ ಚೀಲದಂತೆ ಸುತ್ತಿದರೆ ಒಳಗಿನ ಹಬೆ ಹೊರಹೋಗದೆ ಫೋಮು ತನ್ನಷ್ಟಕ್ಕೇ ನೆನೆಯುತ್ತದೆ. ಸೀಟಿನ ತಳದಲ್ಲಿರುವ ಸಣ್ಣ ರಂಧ್ರಗಳನ್ನೂ ಮುಚ್ಚಬೇಡಿ, ಹೇಗೋ ಒಳಬಂದ ನೀರು ಇಳಿಯಲು ಅದೊಂದೇ ದಾರಿ. ಕವರಿನ ಒಳಮೈಯಲ್ಲಿ ಹೊಲಿಗೆಯುದ್ದಕ್ಕೂ ಅದೇ ರಬ್ಬರ್ ಅಂಟನ್ನು ಎರಡು ಸಲ ತೆಳುವಾಗಿ ಸವರಿ ಪೂರ್ತಿ ಒಣಗಲು ಬಿಡಿ. ನೀರು ಒಳಬರುವುದು ಹೆಚ್ಚಾಗಿ ಸೂಜಿಯ ತೂತುಗಳಿಂದಲೇ.

ರೆಕ್ಸಿನನ್ನು ಇಪ್ಪತ್ತು ನಿಮಿಷ ಬಿಸಿಲಿಗಿಟ್ಟರೆ ಮೆತ್ತಗಾಗಿ ಚೆನ್ನಾಗಿ ಎಳೆತಕ್ಕೆ ಬರುತ್ತದೆ. ಮೂತಿಯಲ್ಲಿ ಮೂರು ಪಿನ್ನು, ಹಿಂದೆ ಮೂರು ಪಿನ್ನು, ಆಮೇಲೆ ಎರಡೂ ಪಕ್ಕ ನಡುವಿನಿಂದ ಅಂಚಿಗೆ, ಒಂದು ಕಡೆ ಒಂದು ಹೊಡೆದರೆ ಇನ್ನೊಂದು ಕಡೆ ಒಂದು. ನೇರ ಭಾಗದಲ್ಲಿ 2 ಸೆಂ.ಮೀ.ಗೊಂದು, ತಿರುವಿನಲ್ಲಿ 1 ಸೆಂ.ಮೀ.ಗೊಂದು. ಕೂರುವ ಜಾಗದಲ್ಲಿ ಒಂದೇ ಒಂದು ಮಡಿಕೆ ಉಳಿದರೂ ಅಲ್ಲಿ ನೀರು ನಿಲ್ಲುತ್ತದೆ, ಬಿಚ್ಚಿ ಮತ್ತೆ ಎಳೆಯಿರಿ. ತೀರಾ ಬಿಗಿದರೂ ಕಷ್ಟ: ಡೋಲಿನ ಚರ್ಮದಂತೆ ನಿಂತ ರೆಕ್ಸಿನ್ ಜೆಲ್ಲನ್ನು ಸರಿಯಲು ಬಿಡುವುದಿಲ್ಲ, ಮಾಡಿದ ಕೆಲಸವೆಲ್ಲ ವ್ಯರ್ಥ. ಕೈ ಗನ್ನಿನ ಪಿನ್ನು ಗಟ್ಟಿ ಪ್ಲಾಸ್ಟಿಕ್ಕಿಗೆ ಅರ್ಧವೇ ಇಳಿಯುತ್ತಿದ್ದರೆ ಗುದ್ದಾಡಬೇಡಿ. ನಾಲ್ಕು ಕಡೆ ಟೇಪು ಹಚ್ಚಿ ಸೀಟ್ ಕವರ್ ಅಂಗಡಿಗೆ ಒಯ್ದರೆ ಗಾಳಿಯ ಗನ್ನಿನಲ್ಲಿ ಹೊಡೆದು ಕೊಡುತ್ತಾರೆ.

ಸೀಟು ಕೂರಿಸುವಾಗ ತಳದ ರಬ್ಬರ್ ಗುಂಡಿಗಳು ಎಲ್ಲವೂ ಇವೆಯೇ, ಬ್ಯಾಟರಿಯ ವೈರು ಸಿಕ್ಕಿಕೊಂಡಿಲ್ಲವೇ ನೋಡಿ, ಲಾಕ್ ಬಿದ್ದ ಮೇಲೆ ಎರಡೂ ಕೈಯಲ್ಲಿ ಎಳೆದು ಖಾತ್ರಿ ಮಾಡಿಕೊಳ್ಳಿ. ಮೊದಲ ದೊಡ್ಡ ಮಳೆಯ ಮರುದಿನ ಸೀಟು ತೆಗೆದು ಬೋರಲು ಹಾಕಿ ತಳದ ರಂಧ್ರಕ್ಕೆ ಬೆರಳು ಒತ್ತಿ. ಬೆರಳು ಒದ್ದೆಯಾದರೆ ಯಾವುದೋ ಹೊಲಿಗೆ ಇನ್ನೂ ಸೋರುತ್ತಿದೆ. ಅಡ್ಡ ಹೊಲಿಗೆಯಿಂದಲೇ ಹುಡುಕಲು ಶುರುಮಾಡಿ, ಕೂತಾಗ ಬಾಯಿ ಬಿಡುವುದು ಅದೇ.