ಉಪ್ಪುನೀರಿನ ಅಕ್ವೇರಿಯಂಗೆ ತಾಪಮಾನ ಕಂಟ್ರೋಲರ್: ದಶಾಂಶ ನೋಡಿ ಮರುಳಾಗಬೇಡಿ

ಉಪ್ಪುನೀರಿನ ಅಕ್ವೇರಿಯಂ ಇಡುವವರು ಲೈಟಿಗೆ, ನೀರಿನ ಕೊಳೆ ತೆಗೆಯುವ ಸ್ಕಿಮ್ಮರಿಗೆ, ಹವಳಕ್ಕೆ ಕೈಬಿಚ್ಚಿ ಖರ್ಚು ಮಾಡುತ್ತಾರೆ. ನೀರಿನ ಬಿಸಿ ನೋಡಿ ಹೀಟರನ್ನು ಆನ್-ಆಫ್ ಮಾಡುವ ತಾಪಮಾನ ಕಂಟ್ರೋಲರಿನ ಸರದಿ ಬಂದಾಗ ಮಾತ್ರ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಬರುತ್ತಾರೆ. ಆರಿಸುವ ಬಗೆಯೂ ಒಂದೇ: ಪರದೆಯ ಮೇಲೆ 25.63 ಅಂತ ಎರಡು ದಶಾಂಶ ತೋರಿಸಿದರೆ ಅದು ಭಾರಿ ನಿಖರ, 25.6 ಅಂದರೆ ಸಾಧಾರಣ. ನಾನು ನೋಡಿದ ಹಾಳಾದ ತೊಟ್ಟಿಗಳಲ್ಲಿ ಒಂದೂ ಆ 0.03 ಡಿಗ್ರಿಗೆ ಹಾಳಾದದ್ದಲ್ಲ. ರಾತ್ರಿ ಹೀಟರ್ ಆಫ್ ಆಗದೆ ಉಳಿದದ್ದಕ್ಕೆ, ತಾಪಮಾನ ಅಳೆಯುವ ಕಡ್ಡಿ, ಅಂದರೆ ಪ್ರೋಬ್, ನೀರಿನಿಂದ ಜಾರಿ ಹೊರಬಿದ್ದದ್ದಕ್ಕೆ, ತಿಂಗಳುಗಟ್ಟಲೆ ಒಂದೂವರೆ ಡಿಗ್ರಿ ಸುಳ್ಳು ಹೇಳಿದ್ದಕ್ಕೆ ಹಾಳಾದವು. ಹಾಗಾಗಿ ಕಂಟ್ರೋಲರ್ ಕೊಳ್ಳುವಾಗ ಅದು ಸರಿ ಇದ್ದಾಗ ಹೇಗಿರುತ್ತದೆ ಎನ್ನುವುದಕ್ಕಿಂತ ಕೆಟ್ಟಾಗ ಏನು ಮಾಡುತ್ತದೆ ಎಂದು ಮೊದಲು ಕೇಳಿ.

ಹಂತ 1: ಎಷ್ಟು ಡಿಗ್ರಿ ಬೇಕು?

ಹವಳ, ಮೀನು ಎರಡೂ ಇರುವ ತೊಟ್ಟಿಗೆ 25ರಿಂದ 26 ಡಿಗ್ರಿ ಸೆಲ್ಸಿಯಸ್. ಇದರಲ್ಲಿ ಚರ್ಚೆಗೆ ಹೆಚ್ಚು ಜಾಗವಿಲ್ಲ, ಮುಂದೆ ಹೋಗೋಣ.

ಹಂತ 2: ಹೀಟರಿನ ಲೆಕ್ಕ ಮೊದಲು, ಕಂಟ್ರೋಲರ್ ಆಮೇಲೆ

ಒಂದು ಲೀಟರ್ ಸಮುದ್ರದ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4,100 ಜೂಲ್ ಶಕ್ತಿ ಬೇಕು. 200 ಲೀಟರ್ ತೊಟ್ಟಿಯಲ್ಲಿ 300 ವ್ಯಾಟಿನ ಒಂದೇ ಹೀಟರ್ ಇದೆ ಅಂದುಕೊಳ್ಳಿ. ಅದು ಆನ್ ಆದಲ್ಲೇ ಸಿಕ್ಕಿಹಾಕಿಕೊಂಡರೆ ನೀರು ಗಂಟೆಗೆ ಹತ್ತಿರಹತ್ತಿರ 1.3 ಡಿಗ್ರಿ ಏರುತ್ತದೆ. ಗಾಜಿನಿಂದ ಹೊರಹೋಗುವ ಶಾಖವನ್ನು ಕಳೆದರೂ ಮಲಗಿ ಏಳುವಷ್ಟರಲ್ಲಿ 30 ದಾಟುವುದು ಕಷ್ಟವೇನಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಉಪ್ಪುನೀರಿನಲ್ಲಿ ಮೊದಲೇ ಸಿಹಿನೀರಿಗಿಂತ ಕಡಿಮೆ, 25 ಡಿಗ್ರಿಯಲ್ಲಿ ಲೀಟರಿಗೆ 7 ಮಿಲಿಗ್ರಾಂಗೂ ತುಸು ಕೆಳಗೆ. ಹವಳ ಬಿಳಿಚಿಕೊಳ್ಳುವ ಮೊದಲೇ ಮೀನು ಮೇಲೆ ಬಂದು ಬಾಯಿ ತೆರೆಯುವುದು ಇದಕ್ಕೇ.

ಅದೇ ತೊಟ್ಟಿಗೆ 100 ವ್ಯಾಟಿನ ಎರಡು ಹೀಟರ್ ಹಾಕಿದರೆ? ಒಂದು ಸಿಕ್ಕಿಹಾಕಿಕೊಂಡರೂ ಏರಿಕೆ ಗಂಟೆಗೆ ಅರ್ಧ ಡಿಗ್ರಿಯೂ ಇಲ್ಲ. ಒಂದು ಸತ್ತರೂ ಇನ್ನೊಂದು ತೊಟ್ಟಿಯನ್ನು ಕಾಯುತ್ತದೆ. ಸಣ್ಣ ಹೀಟರ್ ಎರಡು ಹಾಕಿ. ಇದು ಸಲಹೆ ಅಂತ ತಿಳಿಯಬೇಡಿ, ನಿಯಮ ಅಂತಲೇ ತಿಳಿಯಿರಿ.

ಹಂತ 3: ಕೆಟ್ಟರೆ ಯಾವ ಕಡೆಗೆ ಕೆಡುತ್ತದೆ?

ಕಂಟ್ರೋಲರಿನ ಒಳಗೆ ಹೀಟರನ್ನು ಆನ್-ಆಫ್ ಮಾಡುವುದು ಒಂದು ರಿಲೇ. ಟಕ್ ಅಂತ ಕೇಳಿಸುವುದು ಅದರ ಸದ್ದೇ. ಪ್ರತಿ ಟಕ್‌ಗೂ ಅದರ ಲೋಹದ ತುದಿಗಳ ನಡುವೆ ಸಣ್ಣ ಕಿಡಿ ಹಾರುತ್ತದೆ, ಕೊನೆಗೊಂದು ದಿನ ಎರಡೂ ತುದಿ ಬೆಸೆದುಕೊಂಡು ಹೀಟರ್ ಆನ್ ಆಗಿಯೇ ಉಳಿಯುತ್ತದೆ. ಅಲುಗಾಡುವ ತುದಿಗಳೇ ಇಲ್ಲದ ಸಾಲಿಡ್ ಸ್ಟೇಟ್ ರಿಲೇ ಇದೆ, ಸವೆಯುವುದೇ ಇಲ್ಲ ಅಂತ ಮಾರುವವರಿದ್ದಾರೆ. ಸವೆಯುವುದಿಲ್ಲ ನಿಜ, ಆದರೆ ಕೆಡುವಾಗ ಅದೂ ಹೆಚ್ಚಾಗಿ ಆನ್ ಆಗಿಯೇ ಕೆಡುತ್ತದೆ.

ಇಂಥ ಸಣ್ಣ ರಿಲೇಗಳ ಆಯಸ್ಸನ್ನು ಸಾಮಾನ್ಯವಾಗಿ ಪೂರ್ತಿ ಲೋಡಿನಲ್ಲಿ 1 ಲಕ್ಷ ಬಾರಿ ಅಂತ ಹೇಳುತ್ತಾರೆ. ಐದು ನಿಮಿಷಕ್ಕೊಮ್ಮೆ ಟಕ್ ಅಂದರೆ ಆ ಲಕ್ಷ ಒಂದು ವರ್ಷದೊಳಗೇ ಮುಗಿಯುತ್ತದೆ. ಅರ್ಧ ಗಂಟೆಗೊಮ್ಮೆ ಆದರೆ ಐದು ವರ್ಷಕ್ಕೂ ಮೇಲೆ ಬರುತ್ತದೆ. ಡಿಫರೆನ್ಶಿಯಲ್ ಎನ್ನುವ ಸೆಟ್ಟಿಂಗ್ ಇರುವುದು ಇದಕ್ಕಾಗಿಯೇ. 25.5ಕ್ಕೆ ಇಟ್ಟು ಡಿಫರೆನ್ಶಿಯಲ್ 0.4 ಕೊಟ್ಟರೆ ಹೀಟರ್ 25.1ರಲ್ಲಿ ಆನ್, 25.5ರಲ್ಲಿ ಆಫ್. 0.1 ಕೊಟ್ಟು 'ನನ್ನ ತೊಟ್ಟಿ ಅಲುಗಾಡುವುದೇ ಇಲ್ಲ' ಅಂತ ಹೆಮ್ಮೆಪಡುವವರು ರಿಲೇಯನ್ನು ಕೊಲ್ಲುತ್ತಿದ್ದಾರೆ ಅಷ್ಟೇ. ನಿಜವಾದ ಹವಳದ ದಿಬ್ಬದಲ್ಲೂ ನೀರು ದಿನವಿಡೀ ಒಂದೇ ಅಂಕಿಯಲ್ಲಿ ನಿಲ್ಲುವುದಿಲ್ಲ. 0.3ರಿಂದ 0.5ರ ನಡುವೆ ಇಡಿ. ಕೆಲವು ಉಪಕರಣಗಳು ಈ ಅಂಕಿಯನ್ನು ಎರಡೂ ಕಡೆಗೆ ಲೆಕ್ಕ ಹಾಕುತ್ತವೆ, ಕೈಪಿಡಿ ಓದಿ.

ರಿಲೇ ಬೆಸೆದುಕೊಂಡರೆ ಕಾಯುವುದು ಯಾರು? ಹೀಟರಿನದೇ ಥರ್ಮೋಸ್ಟಾಟನ್ನು 27ಕ್ಕೆ ತಿರುಗಿಸಿಡಿ. ತೊಟ್ಟಿ ದೊಡ್ಡದಾದರೆ ಎರಡನೇ ಕಂಟ್ರೋಲರನ್ನು ಮೊದಲನೆಯದರ ಹಿಂದೆ ಸಾಲಾಗಿ ಜೋಡಿಸಿ, ಅದನ್ನೂ 27ಕ್ಕೆ ಇಡಿ. ಅದಕ್ಕೆ ಅದರದೇ ಬೇರೆ ಪ್ರೋಬ್ ಇರಲಿ. ದುಬಾರಿಯ ಒಂದಕ್ಕಿಂತ ಸಾಧಾರಣವಾದ ಎರಡು ಮೇಲು ಎನ್ನುವ ಮಾತಿನಲ್ಲಿ ನಾನು ಯಾರ ಜೊತೆಗೂ ರಾಜಿಗೆ ಸಿದ್ಧನಿಲ್ಲ.

ಪಿಐಡಿ, ಅಂದರೆ ಎಷ್ಟು ಶಾಖ ಬೇಕೆಂದು ಸದಾ ಲೆಕ್ಕ ಹಾಕಿ ಅಷ್ಟನ್ನೇ ಕೊಡುವ ವಿಧಾನ, ಇರುವ ಕಂಟ್ರೋಲರ್ ಬೇಕೇ ಅಂತ ಕೇಳುತ್ತಾರೆ. ಇಷ್ಟು ನೀರಿನ ರಾಶಿಗೆ ಬೇಡ. ಮೆಕ್ಯಾನಿಕಲ್ ರಿಲೇಗೆ ಪಿಐಡಿ ಜೋಡಿಸಿದರೆ ಟಕ್‌ಟಕ್ ಇನ್ನೂ ಜಾಸ್ತಿ.

ಹಂತ 4: ಪ್ರೋಬ್, ಎಲ್ಲರೂ ಎಡವುವ ಜಾಗ

ಮೊದಲು ಅದರ ಹೊದಿಕೆ. ಪೆಟ್ಟಿಗೆಯ ಜೊತೆ ಬರುವ ಹೊಳೆಯುವ ಸ್ಟೀಲ್ ಪ್ರೋಬ್ ಸಿಹಿನೀರಿಗೆ ಸರಿ. ಉಪ್ಪುನೀರಿನ ಕ್ಲೋರೈಡ್ ಸಾಮಾನ್ಯ ಸ್ಟೇನ್‌ಲೆಸ್ ಸ್ಟೀಲಿನಲ್ಲೂ ಸೂಜಿಮೊನೆಯಷ್ಟು ತೂತು ಕೊರೆಯುತ್ತದೆ. ವೈರ್ ಒಳಹೋಗುವ ಬಾಯಿಯ ಸುತ್ತ ಕಂದು ಬಣ್ಣದ ಉಂಗುರ ಕಂಡರೆ ಪ್ರೋಬನ್ನು ಆ ದಿನವೇ ತೆಗೆಯಿರಿ. ಪ್ಲಾಸ್ಟಿಕ್, ಎಪಾಕ್ಸಿ ಅಥವಾ ಟೈಟಾನಿಯಂ ಹೊದಿಕೆಯದನ್ನೇ ಕೇಳಿ. ಸ್ಟೀಲಿನ ಮೇಲೆ ನೇಲ್ ಪಾಲಿಶ್ ಬಳಿಯುವ ಅಡ್ಡದಾರಿ ಚಾಲ್ತಿಯಲ್ಲಿದೆ. ಬೇಡ, ಅದು ಸಿಪ್ಪೆ ಏಳುತ್ತದೆ.

ಎರಡನೆಯದು ಒಳಗಿನ ಸೆನ್ಸರ್. ಹೆಚ್ಚಿನವುಗಳಲ್ಲಿ ಇರುವುದು ಎನ್‌ಟಿಸಿ ಥರ್ಮಿಸ್ಟರ್. ತಣ್ಣಗಾದರೆ ಇದರ ವಿದ್ಯುತ್ ರೋಧ ಹೆಚ್ಚುತ್ತದೆ, ಬಿಸಿಯಾದರೆ ಇಳಿಯುತ್ತದೆ. ಒಳಗೆ ನೀರು ಸೇರಿದರೆ ರೋಧ ಇಳಿದು ತೊಟ್ಟಿ ಬಿಸಿಯಾಗಿದೆ ಅಂತ ಕಂಟ್ರೋಲರ್ ಮೋಸಹೋಗುತ್ತದೆ, ಹೀಟರ್ ಆಫ್, ನೀರು ನಿಧಾನಕ್ಕೆ ತಣ್ಣಗಾಗುತ್ತದೆ. ವೈರ್ ತುಂಡಾದರೆ ಇದಕ್ಕೆ ತಿರುಗಾಮುರುಗಾ: ರೋಧ ಅನಂತ, ಅಂದರೆ 'ವಿಪರೀತ ಚಳಿ', ಹೀಟರ್ ಆನ್. ಒಳ್ಳೆಯ ಕಂಟ್ರೋಲರ್ ಇದನ್ನು ಗುರುತಿಸಿ ಹೀಟರ್ ಆಫ್ ಮಾಡಿ ಕೂಗುತ್ತದೆ. ಕೊಂಡ ದಿನವೇ ಪ್ರೋಬಿನ ವೈರ್ ಬಿಚ್ಚಿ ನೋಡಿ. ಪರದೆಯ ಮೇಲೆ ಎರರ್ ಬರದೆ ಹೀಟರ್ ಆನ್ ಆಗಿಯೇ ಉಳಿದರೆ ಉಪಕರಣವನ್ನು ಹಾಗೇ ಪ್ಯಾಕ್ ಮಾಡಿ ಹಿಂದಕ್ಕೆ ಕೊಡಿ. ಡಿಜಿಟಲ್ ಸೆನ್ಸರ್ ಡಿಎಸ್18ಬಿ20 ಬಳಸುವವೂ ಇವೆ. ಅದು 0.0625 ಡಿಗ್ರಿಯ ಮೆಟ್ಟಿಲಲ್ಲಿ ಓದುತ್ತದೆ, ಆದರೆ ತಯಾರಕರೇ ಹೇಳುವ ನಿಖರತೆ ಆಚೀಚೆ 0.5 ಡಿಗ್ರಿ. ಎಲ್ಲೆಡೆ ಕಾಣುವ ಎಸ್‌ಟಿಸಿ-1000 ಮಾದರಿಯದು 0.1ರ ಲೆಕ್ಕದಲ್ಲಿ ತೋರಿಸುತ್ತದೆ, ನಿಖರತೆ ಮಾತ್ರ ಆಚೀಚೆ 1 ಡಿಗ್ರಿ. ಪರದೆಯ ದಶಾಂಶಕ್ಕೆ ಬೆಲೆ ಎಷ್ಟು ಅಂತ ಇಲ್ಲೇ ಗೊತ್ತಾಗುತ್ತದೆ.

ಹಾಗಾದರೆ ತಾಳೆ ನೋಡಲೇಬೇಕು. ತಿದ್ದುಪಡಿ ಅಂಕಿ ಹಾಕಲು ಸೌಲಭ್ಯವಿಲ್ಲದ ಕಂಟ್ರೋಲರನ್ನು ಕೊಳ್ಳಲೇಬೇಡಿ. ಅಗಲ ಬಾಯಿಯ ಥರ್ಮಾಸ್ ಫ್ಲಾಸ್ಕಿಗೆ ತೊಟ್ಟಿಯದೇ ನೀರು ತುಂಬಿ. ನಂಬಿಕೆಗೆ ಅರ್ಹವಾದ ಇನ್ನೊಂದು ಥರ್ಮಾಮೀಟರಿನ ತುದಿ, ಪ್ರೋಬಿನ ತುದಿ ಎರಡನ್ನೂ ರಬ್ಬರ್ ಬ್ಯಾಂಡಿನಲ್ಲಿ ಒತ್ತಾಗಿ ಕಟ್ಟಿ ನೀರಿನ ನಡುವೆ ಇಳಿಬಿಡಿ. ತಳ, ಗೋಡೆ ತಾಗಬಾರದು. ನಡುನಡುವೆ ಮೆಲ್ಲಗೆ ಕದಡುತ್ತಾ ಹತ್ತು ನಿಮಿಷ ಬಿಡಿ. ಎರಡೂ ಅಂಕಿ ನಿಂತ ಮೇಲೆ ಓದಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಓದಿ. ಎರಡು ಸಲವೂ ವ್ಯತ್ಯಾಸ ಒಂದೇ ಇದ್ದರೆ ಅದೇ ನಿಮ್ಮ ತಿದ್ದುಪಡಿ ಅಂಕಿ. ಪ್ರತಿ ಸಲ ಬೇರೆ ಬಂದರೆ ಆ ಪ್ರೋಬನ್ನು ಯಾವ ತಿದ್ದುಪಡಿಯೂ ಉಳಿಸುವುದಿಲ್ಲ. ಯಾವಾಗಲೂ 0.7 ಹೆಚ್ಚು ಹೇಳುವ ಪ್ರೋಬ್ ಪರವಾಗಿಲ್ಲ. ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಹೇಳುವುದು ಬೇಡ.

ನಂಬಿಕೆಯ ಥರ್ಮಾಮೀಟರ್ ಯಾವುದು? ಜ್ವರದ್ದು ಅಲ್ಲ, ಅದು ಇಷ್ಟು ತಣ್ಣನೆಯ ನೀರನ್ನು ಓದುವುದೇ ಇಲ್ಲ. ಗನ್ನಿನ ಹಾಗಿರುವ ಇನ್‌ಫ್ರಾರೆಡ್ ಬೇಡ, ಗಾಜಿನತ್ತ ಹಿಡಿದರೆ ಅದು ಗಾಜಿನ ಬಿಸಿಯನ್ನೇ ಹೇಳುತ್ತದೆ. ಗಾಜಿಗೆ ಅಂಟಿಸುವ ಬಣ್ಣದ ಪಟ್ಟಿ ಅರ್ಧ ಕೋಣೆಯದು, ಅರ್ಧ ನೀರಿನದು ಹೇಳುತ್ತದೆ, ಕಿತ್ತುಹಾಕಿ. ಪ್ರಯೋಗಾಲಯದ ಗಾಜಿನ ಥರ್ಮಾಮೀಟರ್ ಅಥವಾ ಕ್ಯಾಲಿಬ್ರೇಶನ್ ಪ್ರಮಾಣಪತ್ರ ಇರುವ ಡಿಜಿಟಲ್ ಒಂದು ಸಾಕು. ಅದನ್ನು ಪರೀಕ್ಷಿಸಲು ಮಂಜುಗಡ್ಡೆ ಪುಡಿ ಮಾಡಿ ಲೋಟ ತುಂಬಿ, ಸಂದು ಮುಚ್ಚುವಷ್ಟು ಮಾತ್ರ ಶುದ್ಧ ನೀರು ಹೊಯ್ದು ಕದಡಿ; 0 ತೋರಿಸಬೇಕು. ಉಪ್ಪು ಹತ್ತಿದ ತುದಿಯನ್ನು ತೊಳೆಯದೆ ಅದ್ದಬೇಡಿ, ಉಪ್ಪು ಸೇರಿದರೆ ಮಂಜಿನ ನೀರು 0ಗಿಂತ ಕೆಳಗಿಳಿಯುತ್ತದೆ. 0ಯಲ್ಲಿ ಸರಿಯಿದ್ದ ಪ್ರೋಬ್ 25ರಲ್ಲೂ ಸರಿಯಿರಬೇಕೆಂದಿಲ್ಲ, ಆದ್ದರಿಂದ ಕಂಟ್ರೋಲರಿನ ತಿದ್ದುಪಡಿಯನ್ನು ಫ್ಲಾಸ್ಕಿನಲ್ಲೇ ಮಾಡಿ.

ಇನ್ನು ಜಾಗ. ಮುಖ್ಯ ತೊಟ್ಟಿಯ ಕೆಳಗೆ ಹೀಟರ್ ಇಡುವ ಸಣ್ಣ ತೊಟ್ಟಿಯೇ ಸಂಪ್. ಅದರಲ್ಲಿ ನೀರನ್ನು ಮತ್ತೆ ಮೇಲಕ್ಕೆ ಕಳಿಸುವ ರಿಟರ್ನ್ ಪಂಪಿನ ವಿಭಾಗದಲ್ಲಿ ಪ್ರೋಬನ್ನು ಇಡಬೇಡಿ. ಸಂಪಿನಲ್ಲಿ ನೀರು ಆವಿಯಾದಾಗ ಮಟ್ಟ ಇಳಿಯುವುದು ಅಲ್ಲೇ. ಪ್ರೋಬ್ ಗಾಳಿಯಲ್ಲಿ ತೂಗಾಡಿ ಕೋಣೆಯ ತಾಪಮಾನ ಓದುತ್ತಾ ಹೀಟರಿಗೆ ಆನ್, ಆನ್ ಅನ್ನುತ್ತದೆ. ಮಟ್ಟ ಬದಲಾಗದ ವಿಭಾಗದಲ್ಲಿ, ಹೀಟರ್ ದಾಟಿ ನೀರು ಬರುವ ಕಡೆ, ಅದಕ್ಕೆ ತಾಗದಂತೆ ಇಡಿ. ಮುಖ್ಯ ತೊಟ್ಟಿಯಲ್ಲೇ ಇಡಬೇಕು ಅನ್ನುವವರ ವಾದ ನನಗೆ ಒಪ್ಪಿಗೆಯಿಲ್ಲ: ಪಂಪ್ ನಿಂತರೆ ಮೇಲಿನ ಪ್ರೋಬ್ ತಣ್ಣಗಾಗುತ್ತಾ ಹೋಗುತ್ತದೆ, ಕೆಳಗೆ ಹೀಟರ್ ಸಂಪನ್ನು ಬೇಯಿಸುತ್ತದೆ. ಹಿಡಿದಿಡಲು ರಬ್ಬರ್ ಸಕ್ಷನ್ ಕಪ್ ನಂಬಬೇಡಿ, ಉಪ್ಪುನೀರಲ್ಲಿ ಅದು ಗಟ್ಟಿಯಾಗಿ ಕಳಚಿಕೊಳ್ಳುತ್ತದೆ. ಗಟ್ಟಿ ಪೈಪಿಗೆ ಕೇಬಲ್ ಟೈನಿಂದ ಎರಡು ಕಡೆ ಬಿಗಿಯಿರಿ.

ಹಂತ 5: ತಂಪು ಮಾಡುವ ಕಡೆ

ಬಿಸಿ-ತಂಪು ಎರಡೂ ಇರುವ ಕಂಟ್ರೋಲರ್ ಆದರೆ ಎರಡರ ನಡುವೆ ಕನಿಷ್ಠ ಒಂದು ಡಿಗ್ರಿ ಬಿಡಿ, ಇಲ್ಲದಿದ್ದರೆ ಹೀಟರ್, ಫ್ಯಾನ್ ಎರಡೂ ಒಂದಕ್ಕೊಂದು ಜಗಳಾಡುತ್ತವೆ. ಫ್ಯಾನ್ ಗಾಳಿಗೆ ಒಂದು ಲೀಟರ್ ಆವಿಯಾದರೆ 200 ಲೀಟರ್ ತೊಟ್ಟಿಯಿಂದ ಸುಮಾರು 3 ಡಿಗ್ರಿಯಷ್ಟು ಶಾಖ ಹೊರಹೋಗುತ್ತದೆ. ಜೊತೆಗೆ ಉಪ್ಪಿನ ಸಾಂದ್ರತೆ ಏರುತ್ತದೆ, ಸಿಹಿನೀರು ತುಂಬಲು ವ್ಯವಸ್ಥೆ ಬೇಕು. ನೀರು ತಂಪು ಮಾಡುವ ಯಂತ್ರ, ಚಿಲ್ಲರ್, ಇದ್ದರೆ ಅದರದೇ ಕಂಟ್ರೋಲರಿಗೆ ಬಿಡಿ. ಹೊರಗಿನದನ್ನೇ ಬಳಸುವುದಾದರೆ ಕಂಪ್ರೆಸರ್ ಮತ್ತೆ ಹೊರಡಲು ಕನಿಷ್ಠ 3 ನಿಮಿಷದ ವಿಳಂಬ ಇರಲಿ. ಅದು ಹೊರಡುವಾಗ ಎಳೆಯುವ ಕರೆಂಟ್ ಓಡುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು, ಆ ಭಾರವನ್ನು ರಿಲೇ ತಾಳಬೇಕು.

ಹಂತ 6: ಜೋಡಣೆ

ವ್ಯಾಟನ್ನು ವೋಲ್ಟಿನಿಂದ ಭಾಗಿಸಿ. ಬಂದ ಆಂಪಿಯರ್ ಕಂಟ್ರೋಲರಿನ ಮಿತಿಯ ಅರ್ಧ ದಾಟದಿರಲಿ. ಕರೆಂಟ್ ಸೋರಿದರೆ ತಾನೇ ಕಡಿಯುವ ಅರ್ತ್ ಲೀಕೇಜ್ ಬ್ರೇಕರ್ ಇಲ್ಲದೆ ಉಪ್ಪುನೀರಿನ ಹತ್ತಿರ ಏನನ್ನೂ ಜೋಡಿಸಬೇಡಿ. ಹಿಂದೆ ಟರ್ಮಿನಲ್ ತೆರೆದಿರುವ ಪ್ಯಾನೆಲ್ ಮಾದರಿಯದ್ದಾದರೆ ಮುಚ್ಚಿದ ಡಬ್ಬಿಯಲ್ಲಿ ಕೂರಿಸಿ. ಎಲ್ಲ ವೈರ್ ಪ್ಲಗ್ಗಿಗಿಂತ ಕೆಳಗೆ ಇಳಿದು ಮೇಲೇರಲಿ, ತೊಟ್ಟಿಕ್ಕುವ ನೀರು ಬಾಗಿದಲ್ಲೇ ಬೀಳುತ್ತದೆ.

ವೈಫೈ ಇದ್ದರೆ ಗ್ರಾಫ್ ನೋಡಲು ಚೆಂದ. ಆದರೆ ನೆಟ್ ಹೋದರೂ ಪೆಟ್ಟಿಗೆ ತಾನೇ ನಿರ್ಧರಿಸಬೇಕು. ಸ್ಮಾರ್ಟ್ ಪ್ಲಗ್ಗನ್ನು ಫೋನಿನಿಂದ ನಡೆಸಿ ಹೀಟರ್ ನಿಯಂತ್ರಿಸುತ್ತೇವೆ ಅನ್ನುವವರ ತೊಟ್ಟಿಯಲ್ಲಿ ನಾನು ಹವಳ ಇಡಲಾರೆ.

ಹಂತ 7: ಹವಳ ಹಾಕುವ ಮೊದಲು

ಪ್ರೋಬನ್ನು 30 ಡಿಗ್ರಿಯ ಲೋಟದಲ್ಲಿ ಅದ್ದಿ: ಹೀಟರ್ ಆಫ್, ಅಲಾರಂ ಕೂಗಬೇಕು. ತಣ್ಣೀರಲ್ಲಿ ಅದ್ದಿ: ಆನ್ ಆಗಬೇಕು. ಮೇನ್ ಸ್ವಿಚ್ ಆಫ್ ಮಾಡಿ ಮತ್ತೆ ಹಾಕಿ: ಸೆಟ್ಟಿಂಗ್ ಹಾಗೇ ಉಳಿದಿರಬೇಕು. ಆಮೇಲೆ ವಾರಕ್ಕೊಮ್ಮೆ ಬೇರೆ ಥರ್ಮಾಮೀಟರಿನಿಂದ ನೀರು ನೋಡಿ. ಪ್ರೋಬಿಗೆ ಸುಣ್ಣದಂತೆ ಕಟ್ಟುವ ಬಿಳಿ ಪದರವನ್ನು ವಿನೆಗರ್ ಹಾಕಿದ ನೀರಲ್ಲಿ ನೆನೆಸಿ ಒರೆಸಿ. ಪ್ರೋಬ್ ಸವೆದು ಹೋಗುವ ವಸ್ತು, ಬಿಡಿಯಾಗಿ ಸಿಗುವ ಮಾದರಿಯನ್ನೇ ಆರಿಸಿರಿ. ಬದಲಿಸಿದ ದಿನ ಮತ್ತೆ ಫ್ಲಾಸ್ಕ್ ತೆಗೆಯಲೇಬೇಕು, ಹಳೆಯ ತಿದ್ದುಪಡಿ ಅಂಕಿ ಹೊಸ ಪ್ರೋಬಿಗೆ ಹೊಂದುವುದಿಲ್ಲ.